ಕೆಂಪು ಆನೆಯ ಪುಟ

ನನ್ನ ರಕ್ತದೊತ್ತಡಕ್ಕೂ ನವಿಲುಗರಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ನಾನೂ ಕೇಳಿದೆ. ಕುಶಾಲನಗರದ ನಮ್ಮ ಡಾಕ್ಟರು ಇನ್ನೂ ಮೀಸೆ ಸರಿಯಾಗಿ ಬಲಿಯದ ಹುಡುಗ. ನನ್ನ ತೋಳಿಗೆ ಸುತ್ತಿದ್ದ ಪಟ್ಟಿಯನ್ನು ಬಿಚ್ಚುತ್ತಾ, "ಅಜ್ಜಿ, ಮಾತ್ರೆ ಹಾಗೇ ನಡೀಲಿ. ಜೊತೆಗೆ ದಿನಾ ಅರ್ಧ ಗಂಟೆ ಕೂತು ಬಣ್ಣ ಹಚ್ಚಿ. ಮನಸ್ಸು ಹಗುರಾಗ್ತದೆ" ಎಂದ. ಈ ವಯಸ್ಸಿನಲ್ಲಿ ನನ್ನನ್ನು ಏಣಿ ಹತ್ತಿಸಿ ಗೋಡೆಗೆ ಬಣ್ಣ ಹೊಡೆಸುತ್ತಾನಲ್ಲ ಎಂದು ನನಗೆ ಅಲ್ಲೇ ಒತ್ತಡ ಇನ್ನಷ್ಟು ಏರಿರಬೇಕು.

ಸೊಸೆ ಸುಮ ನಕ್ಕು, ಸಂಜೆಯೇ ಪೇಟೆಯಿಂದ ಎರಡು ಪುಸ್ತಕ ತಂದಳು. ಒಂದು ನನಗೆ, ಒಂದು ಮೊಮ್ಮಗಳಿಗೆ. ಪರೀಕ್ಷೆ ಹತ್ತಿರ ಬಂತೆಂದರೆ ಹತ್ತು ವರ್ಷದ ನನ್ನ ಮೊಮ್ಮಗಳು ಉಗುರು ಕಚ್ಚಿ ಕಚ್ಚಿ ಬೆರಳಿಗೇ ಬರುತ್ತಾಳೆ. ಅವಳಿಗೂ ಇದೇ ಮದ್ದಂತೆ. ಹೀಗಾಗಿ ನಮ್ಮ ಮನೆಯಲ್ಲಿ ಈಗ ಊಟದ ಮೇಜಿನ ಎರಡು ತುದಿಗಳಲ್ಲಿ ಇಬ್ಬರು ರೋಗಿಗಳು, ನಡುವೆ ಒಂದು ಡಬ್ಬಿ ಬಣ್ಣದ ಪೆನ್ಸಿಲು. ನಾನು ಎರಡು ದಿನ ಕೂತು ಒಂದು ನವಿಲನ್ನು ಮುಗಿಸಿದೆ. ಅದರ ಕುತ್ತಿಗೆಯಲ್ಲಿ ಗೆರೆ ದಾಟಿ ಹೋದದ್ದನ್ನು ಮೊಮ್ಮಗಳು ಬೆರಳಿಟ್ಟು ತೋರಿಸಿದಳು. ಕೈ ನಡುಗುತ್ತದೆ ಎಂದು ವಯಸ್ಸಿನ ಮೇಲೆ ಹಾಕಿದೆ. ನಿಜ ಹೇಳಬೇಕೆಂದರೆ ಎಂಟು ವರ್ಷದವಳಾಗಿದ್ದಾಗಲೂ ನನಗೆ ಗೆರೆಯೊಳಗೆ ನಿಲ್ಲಲು ಬರುತ್ತಿರಲಿಲ್ಲ.

ಮೂರನೆಯ ದಿನ ಪುಟ ತಿರುಗಿಸಿದರೆ ಆನೆ. ಮೈತುಂಬ ಬಳ್ಳಿ, ಹೂವು, ಚುಕ್ಕಿಗಳ ಕೆತ್ತನೆಯಿದ್ದ ದೊಡ್ಡ ಆನೆ. ನನ್ನ ಕೈ ತಾನಾಗಿಯೇ ಇಟ್ಟಿಗೆ ಬಣ್ಣದ ಪೆನ್ಸಿಲು ತೆಗೆದುಕೊಂಡಿತು.

"ಅಜ್ಜಿ, ಆನೆಗೆ ಗ್ರೇ ಹಾಕ್ಬೇಕು. ಕೆಂಪು ಆನೆ ಎಲ್ಲಾದ್ರೂ ಇರ್ತದಾ?" ಎಂದಳು ಮೊಮ್ಮಗಳು.

"ಇರ್ತದೆ. ನಾನು ನೋಡಿದೀನಿ" ಎಂದೆ. ಹೇಳಿದ ಮೇಲೆ ಪೆನ್ಸಿಲನ್ನು ಕೆಳಗಿಟ್ಟೆ. ಮನಸ್ಸು ಹಗುರಾಗುವುದು ಹಾಗಿರಲಿ, ಎದೆಯ ಮೇಲೆ ಯಾರೋ ಗೋಣಿಚೀಲ ಇಟ್ಟ ಹಾಗಾಯಿತು.

ಆ ಕೆಂಪು ಆನೆಯ ಕತೆ ಹೇಳಬೇಕೆಂದರೆ ನಿಮ್ಮನ್ನು ಕೊಡಗು ತನ್ನಷ್ಟಕ್ಕೆ ತಾನೇ ಒಂದು ರಾಜ್ಯವಾಗಿದ್ದ ಕಾಲಕ್ಕೆ ಕರೆದುಕೊಂಡು ಹೋಗಬೇಕು. ಈ ಕುಶಾಲನಗರಕ್ಕೆ ಆಗ ಎಲ್ಲರ ಬಾಯಲ್ಲೂ ಫ್ರೇಜರ್‌ಪೇಟೆ ಎಂದೇ ಹೆಸರು. ಹೊಳೆ ದಾಟಿದರೆ ಮೈಸೂರು ರಾಜ್ಯ. ಹಾಸನದ ಹತ್ತಿರದ ಹಳ್ಳಿಯಲ್ಲಿದ್ದ ನಮ್ಮ ಅಜ್ಜಿ ನಮ್ಮನ್ನು ನೋಡಲು ಹೊರಟರೆ "ಬ್ಯಾರೆ ರಾಜ್ಯಕ್ಕೆ ಹೋಗಿ ಬತ್ತೀನಿ" ಎಂದು ಬೀದಿಯವರಿಗೆಲ್ಲ ಹೇಳಿಕೊಂಡೇ ಬಸ್ಸು ಹತ್ತುತ್ತಿದ್ದಳು. ನಮ್ಮಪ್ಪ ಆ ಸೀಮೆ ಬಿಟ್ಟು ಬಂದು ದುಬಾರೆ ಕಾಡಿಗೆ ಅಂಟಿಕೊಂಡಿದ್ದ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದ. ರೈಟರ್ ಎಂದರೆ ಕತೆ ಬರೆಯುವವನಲ್ಲ, ಆಳುಗಳ ಹಾಜರಿ ಬರೆದು ಅವರಿಗೆ ಕೆಲಸ ಹಂಚುವವನು. ಅವ್ವ, ಅಪ್ಪ, ನಾನು, ಮತ್ತು ನನಗಿಂತ ಮೂರು ವರ್ಷ ಚಿಕ್ಕವನಾದ ತಮ್ಮ ನಂಜ. ಆಳುಗಳು ಇರುತ್ತಿದ್ದ ಲೈನುಮನೆಗಳಿಂದ ಕೂಗಳತೆಯಲ್ಲಿ ನಮ್ಮ ಹಂಚಿನ ಮನೆ.

ನಂಜನಿಗೆ ಆಗ ಐದು ವರ್ಷ. ವಿಪರೀತ ಮಾತು. ಲೈನಿನಲ್ಲಿ ತಮಿಳಿನವರ ಹತ್ತಿರ ತಮಿಳು, ಮಲಯಾಳದವರ ಹತ್ತಿರ ಮಲಯಾಳ, ತುಳುವಿನವರ ಹತ್ತಿರ ತುಳು ಎಂದು ಅವನು ಆಡುತ್ತಿದ್ದುದರಲ್ಲಿ ಮುಕ್ಕಾಲು ಅವನೇ ಕಟ್ಟಿದ ಭಾಷೆ. ಆದರೂ ಎಲ್ಲರಿಗೂ ಅರ್ಥವಾಗುತ್ತಿತ್ತು. ಎಲ್ಲರೂ ಅವನನ್ನು ಕರೆದು ಮಾತಾಡಿಸುತ್ತಿದ್ದರು, ನನ್ನನ್ನು ಮಾತ್ರ ನೀರು ತರಲು ಕರೆಯುತ್ತಿದ್ದರು. ನನಗೆ ಅವನ ಮೇಲೆ ಹೊಟ್ಟೆಕಿಚ್ಚಿತ್ತು ಎಂದು ಈಗ ಒಪ್ಪಿಕೊಂಡರೆ ಯಾರೂ ಹೊಡೆಯುವವರಿಲ್ಲ.

ಕಾಫಿ ಹಣ್ಣಿನ ಪಿಕ್ಕಿಂಗ್ ನಡೆಯುತ್ತಿದ್ದ ದಿನಗಳು. ಒಂದು ದಿನ ಬೆಳಿಗ್ಗೆ ಅವ್ವ ಅಪ್ಪನ ಬುತ್ತಿಯನ್ನು ನನ್ನ ಕೈಗೆ ಕೊಟ್ಟು, "ನಂಜನ ಕೈ ಬುಡಬ್ಯಾಡ" ಎಂದು ಹೇಳಿ ಕಳಿಸಿದಳು. ತೋಟದ ಬೇಲಿ ಪಕ್ಕದ ದಾರಿಯಲ್ಲಿ ಹೋಗುತ್ತಿದ್ದೆವು. ಹಲಸಿನ ಮರದ ತಿರುವಿನಲ್ಲಿ ಸರಪಳಿಯ ಸದ್ದು ಕೇಳಿತು.

ಅಲ್ಲಿಯ ಮಕ್ಕಳಿಗೆ ಆ ಸದ್ದಿನ ಅರ್ಥ ಹೇಳಿಕೊಡಬೇಕಾಗಿರಲಿಲ್ಲ. ಕಾಡಿನಲ್ಲಿ ಮರ ಎಳೆಯುವ ಸಾಕಾನೆಗಳನ್ನು ಸಂಜೆ ಕೆಲಸ ಮುಗಿದ ಮೇಲೆ ಕಾಲಿಗೆ ಉದ್ದನೆಯ ಸರಪಳಿ ಕಟ್ಟಿ ಮೇಯಲು ಬಿಡುತ್ತಾರೆ. ಬೆಳಿಗ್ಗೆ ಮಾವುತ ನೆಲದ ಮೇಲೆ ಆ ಸರಪಳಿ ಎಳೆದ ಗುರುತು ಹಿಡಿದು ಹುಡುಕಿಕೊಂಡು ಬರುತ್ತಾನೆ. ಸರಪಳಿಯ ಸದ್ದು ಕೇಳಿದರೆ ಅದು ಸಾಕಾನೆ, ಹೆದರಬೇಕಾಗಿಲ್ಲ. ಸದ್ದಿಲ್ಲದೆ ಬಂದರೆ ಕಾಡಾನೆ, ಹೆದರಲಿಕ್ಕೂ ಪುರುಸೊತ್ತಿರುವುದಿಲ್ಲ. ಇದು ನನ್ನ ತಲೆಗೆ ಚೆನ್ನಾಗಿ ಗೊತ್ತಿತ್ತು. ಕಾಲಿಗೆ ಗೊತ್ತಿರಲಿಲ್ಲ. ಹಲಸಿನ ಮರದ ಹಿಂದಿನಿಂದ ಸೊಂಡಿಲು ಕಂಡಿದ್ದೇ ತಡ, ನಂಜನ ಕೈ ಬಿಟ್ಟು, ಬುತ್ತಿ ಬಿಸಾಡಿ, ಚರಂಡಿ ಹಾರಿ ಲೈನುಮನೆಗಳ ಕಡೆಗೆ ಓಡಿದೆ. ಹಿಂದಿನಿಂದ "ಅಕ್ಕಾ" ಎಂದು ಒಂದು ಸಲ ಕೇಳಿಸಿತು. ತಿರುಗಿ ನೋಡಲಿಲ್ಲ.

ಲೈನಿನ ಹತ್ತಿರ ಏದುಸಿರು ಬಿಡುತ್ತಾ ಆನೆ ಎಂದೆ, ನಂಜ ಎಂದೆ. ನಾಲ್ಕು ಜನ ಗಂಡಸರು ಓಡಿದರು. ಅವರ ಹಿಂದೆ ನಾನು. ಹೋಗಿ ನೋಡಿದರೆ ಆನೆ ತನ್ನ ಪಾಡಿಗೆ ತಾನು ಚರಂಡಿ ಬದಿಯ ಕೆಂಪು ಮಣ್ಣನ್ನು ಸೊಂಡಿಲಿನಿಂದ ಬಾಚಿ ಬಾಚಿ ಬೆನ್ನ ಮೇಲೆ ಎರಚಿಕೊಳ್ಳುತ್ತಿತ್ತು. ಅದರ ಮೈ ಪೂರ್ತಿ ಕೆಂಪು. ಅದರ ಮುಂಗಾಲಿನಿಂದ ಒಂದು ಮಾರು ದೂರದಲ್ಲಿ ನಂಜ ಕುಕ್ಕುರುಗಾಲಿನಲ್ಲಿ ಕೂತಿದ್ದ. ಎರಚಿದ ಮಣ್ಣಿನಲ್ಲಿ ಅರ್ಧ ಅವನ ಮೇಲೆ ಬಿದ್ದು, ಅವನೂ ತಲೆಯಿಂದ ಕಾಲಿನವರೆಗೆ ಕೆಂಪು. ಅಷ್ಟರಲ್ಲಿ ಮಾವುತನೂ ಗುರುತು ಹಿಡಿದು ಬಂದ. "ಏನೂ ಮಾಡೋದಿಲ್ಲ ಇವಳು. ವಯಸ್ಸಾದ ಹೆಣ್ಣಾನೆ, ಮಕ್ಕಳೆಂದರೆ ಪ್ರೀತಿ" ಎಂದು ಆನೆಯನ್ನು ಬೈದು ಕರೆದುಕೊಂಡು ಹೋದ.

ಆನೆ ನಂಜನಿಗೆ ಒಂದು ಗೀರು ಕೂಡ ಮಾಡಿರಲಿಲ್ಲ. ಆದರೆ ಅವನ ಮಾತು ನಿಂತುಹೋಗಿತ್ತು.

ಸುದ್ದಿ ಕೇಳಿ ಓಡಿ ಬಂದ ಅವ್ವ ಅವನನ್ನು ಎತ್ತಿಕೊಂಡು, "ಯಾಕೆ ಅವನ ಕೈ ಬುಟ್ಟೆ?" ಎಂದು ಕೇಳಿದಳು. ನಾನು ಹೇಳಿದೆ: "ಅವನೇ ಕೈ ಕಿತ್ಕೊಂಡು ಆನೆ ನೋಡಕ್ಕೆ ಓಡ್ದ." ಅಲ್ಲವೆಂದು ಹೇಳಲು ಅವನಿಗೆ ಬಾಯಿರಲಿಲ್ಲ. ಕೆಂಪು ಮುಖದಲ್ಲಿ ಎರಡು ಕಣ್ಣು ಬಿಟ್ಟುಕೊಂಡು ನನ್ನನ್ನೇ ನೋಡಿದ.

ಒಂದು ವಾರವಾಯಿತು, ಎರಡು ವಾರವಾಯಿತು. ನಂಜ ಉಣ್ಣುತ್ತಿದ್ದ, ಮಲಗುತ್ತಿದ್ದ, ಕರೆದರೆ ಬರುತ್ತಿದ್ದ. ಮಾತು ಮಾತ್ರ ಇಲ್ಲ. ಅವ್ವ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಯಾರೋ ಮಂತ್ರಿಸಿ ಕೊಟ್ಟ ದಾರ ಕೈಗೆ ಬಂತು, ಇನ್ಯಾರೋ ಕೊಟ್ಟ ತಾಯಿತ ಕೊರಳಿಗೆ ಬಂತು. ಲೈನಿನವರೆಲ್ಲ ಬಂದು ಅವನ ಗಲ್ಲ ಹಿಡಿದು "ಏನಾದ್ರೂ ಹೇಳು" ಎಂದು ತಮ್ಮ ತಮ್ಮ ಭಾಷೆಯಲ್ಲಿ ಪೀಡಿಸುವರು. ಅವನು ಒಬ್ಬೊಬ್ಬರು ಕೇಳಿದಾಗಲೂ ಇನ್ನಷ್ಟು ಒಳಗೆ ಹೋಗುತ್ತಿದ್ದ. ಸುದ್ದಿ ಅಜ್ಜಿಗೆ ಮುಟ್ಟಿತು. ಪಿಕ್ಕಿಂಗ್ ಮುಗಿಯುವ ಹೊತ್ತಿಗೆ ಸೋದರಮಾವ ಎಂದಿನಂತೆ ರಾಗಿ ಮೂಟೆ ತರುತ್ತಾನೆ, ಹಿಂದಕ್ಕೆ ಹೋಗುವಾಗ ಹುಡುಗನನ್ನು ಕಳಿಸಿಕೊಡಿ, ಆ ಕಾಡು ಸೀಮೆಯ ಸಹವಾಸ ಸಾಕು, ಇನ್ನು ಅವನು ಇಲ್ಲೇ ಬೆಳೆಯಲಿ ಎಂದು ಹೇಳಿ ಕಳಿಸಿದಳು. ಅಪ್ಪ ಒಪ್ಪಿಕೊಂಡ. ಅವ್ವ ಒಪ್ಪಲೂ ಇಲ್ಲ, ಬೇಡವೆನ್ನಲೂ ಇಲ್ಲ. ಅವನ ಅಂಗಿಗಳನ್ನು ಒಂದೊಂದಾಗಿ ಹೊಲಿದು ಸರಿಮಾಡತೊಡಗಿದಳು.

ನಾನು ದೇವರ ಗೂಡಿನ ಮುಂದೆ ನಿಂತು ಬೇಡಿಕೊಳ್ಳುತ್ತಿದ್ದೆ: ದೇವರೇ, ನಂಜನಿಗೆ ಮಾತು ಬರಲಿ. ಆದರೆ ಇವತ್ತೇ ಬೇಡ.

ಎಸ್ಟೇಟಿನ ಯಜಮಾನರು ಮೂರ್ನಾಡು ಕಡೆಯ ಕೊಡವರು. ಅವರ ಮನೆಯಾಕೆಯನ್ನು ನಾವೆಲ್ಲ ಬಂಗಲೆ ಅಮ್ಮ ಎನ್ನುತ್ತಿದ್ದೆವು. ನೆಟ್ಟಗಿನ ಹೆಂಗಸು, ಗಟ್ಟಿ ದನಿ. ಒಂದು ಮಧ್ಯಾಹ್ನ ನಮ್ಮ ಜಗುಲಿಗೆ ಬಂದು ನಂಜನನ್ನು ಸ್ವಲ್ಪ ಹೊತ್ತು ನೋಡಿದರು. ಗಲ್ಲ ಹಿಡಿಯಲಿಲ್ಲ, ಏನನ್ನೂ ಕೇಳಲಿಲ್ಲ. ಅವ್ವನಿಗೆ ಹೇಳಿದರು: "ಇವನನ್ನ ಯಾರೂ ಮಾತಾಡಿಸ್ಬೇಡಿ. ಕೈಗೆ ಏನಾದ್ರೂ ಕೆಲಸ ಕೊಡಿ. ಕೈ ಸಮಾಧಾನ ಆದ್ರೆ ಬಾಯಿ ತಾನೇ ಬರ್ತದೆ."

ಈ ಮಾತನ್ನೇ ನಮ್ಮ ಡಾಕ್ಟರು ಹುಡುಗ ಮೊನ್ನೆ ಹೇಳಿ ಇನ್ನೂರೈವತ್ತು ರೂಪಾಯಿ ತೆಗೆದುಕೊಂಡ ಎನ್ನುವುದು ಬೇರೆ ವಿಷಯ.

ಮಾರನೆಯ ದಿನ ಬಂಗಲೆಯಿಂದ ಒಂದು ಪುಸ್ತಕ ಬಂತು. ಅವರ ಮೊಮ್ಮಕ್ಕಳು ರಜೆಗೆ ಬಂದಾಗ ಬಿಟ್ಟುಹೋದದ್ದು. ಪರದೇಶದ ಪುಸ್ತಕ, ಮೊದಲ ನಾಲ್ಕು ಪುಟಕ್ಕೆ ಬಣ್ಣ ತುಂಬಿತ್ತು, ಮಿಕ್ಕದ್ದೆಲ್ಲ ಬರೀ ಗೆರೆ. ಜೊತೆಗೆ ಒಂದು ತಗಡಿನ ಡಬ್ಬಿಯಲ್ಲಿ ಮೇಣದ ಬಣ್ಣದ ಕಡ್ಡಿಗಳು, ಅರ್ಧರ್ಧ ಸವೆದವು. ಆ ಡಬ್ಬಿ ತೆರೆದಾಗ ಬಂದ ವಾಸನೆ ಇವತ್ತಿಗೂ ನನ್ನ ಮೂಗಿನಲ್ಲಿದೆ. ನಾನೂ ನಂಜನೂ ಜಗುಲಿಯಲ್ಲಿ ಬೋರಲು ಮಲಗಿ, ಪುಸ್ತಕ ನಡುವೆ ಇಟ್ಟುಕೊಂಡು, ಎಡಗಡೆಯ ಪುಟ ನನಗೆ, ಬಲಗಡೆಯದು ಅವನಿಗೆ ಎಂದು ಹಂಚಿಕೊಂಡೆವು. ಹಂಚಿದ್ದು ನಾನೇ. ಅವನು ತಲೆಯಾಡಿಸಿದ.

ಅದರಲ್ಲಿದ್ದ ಲೋಕವನ್ನು ನಾವಿಬ್ಬರೂ ಕಂಡವರಲ್ಲ. ಸಮುದ್ರದ ಮೇಲೆ ಹಾಯಿದೋಣಿ ಇತ್ತು. ನೀರೆಂದರೆ ನಮಗೆ ಕಾವೇರಿ, ಕಾವೇರಿಯೆಂದರೆ ಮಳೆಗಾಲದ್ದು. ಸಮುದ್ರಕ್ಕೆ ಕಂದು ಬಳಿದೆವು. ಕಂದು ಮುಗಿದಾಗ ಅವ್ವನ ಕಾಫಿ ಪಾತ್ರೆಯ ತಳದ ಗಸಿ ಒಳ್ಳೆಯ ಸಮುದ್ರವಾಯಿತು. ಹಳದಿ ಮುಗಿದಾಗ ಅರಿಸಿನ, ನೇರಳೆ ಮುಗಿದಾಗ ಬಸಳೆ ಹಣ್ಣು, ಹಸಿರು ಮುಗಿದಾಗ ಸಿಕ್ಕ ಸೊಪ್ಪು. ಪುಸ್ತಕ ದಿನದಿನಕ್ಕೆ ದಪ್ಪವಾಗುತ್ತಾ, ಒಗ್ಗರಣೆಯ ವಾಸನೆ ಬೀರುತ್ತಾ ಹೋಯಿತು. ನಂಜ ನಾಲಿಗೆಯ ತುದಿಯನ್ನು ಹೊರಗೆ ಹಾಕಿ, ಮೂಗಿನಿಂದ ಉಸಿರು ಬಿಡುತ್ತಾ ಬಣ್ಣ ತಿಕ್ಕುತ್ತಿದ್ದ. ಬಿಗಿದಿದ್ದ ಅವನ ಹೆಗಲು ಸಡಿಲವಾದದ್ದು ಪಕ್ಕದಲ್ಲಿದ್ದ ನನಗೆ ತಿಳಿಯುತ್ತಿತ್ತು. ಒಂದು ಪುಟ ಬಂದಾಗ ಮಾತ್ರ ಅವನು ಎರಡು ಹಾಳೆ ಒಟ್ಟಿಗೆ ಹಿಡಿದು ಮಗುಚಿಬಿಡುತ್ತಿದ್ದ. ಅದು ಆನೆಯ ಪುಟ. ನಾನೂ ಅದನ್ನು ತೆಗೆಯುವ ಗೋಜಿಗೆ ಹೋಗಲಿಲ್ಲ.

ಮಾವ ಬರಲು ಮೂರು ದಿನ ಉಳಿದಿತ್ತು. ನಂಜನ ಪಾಲಿಗೆ ಒಂದು ವಿಚಿತ್ರ ಪುಟ ಬಂತು. ಒಂದು ದೊಡ್ಡ ಉಂಡೆ, ಅದರ ಮೇಲೆ ಒಂದು ಸಣ್ಣ ಉಂಡೆ. ಸಣ್ಣದಕ್ಕೆ ಎರಡು ಕಣ್ಣು, ಉದ್ದನೆಯ ಒಂದು ಮೂಗು, ತಲೆಯ ಮೇಲೆ ಮಡಕೆಯಂಥದ್ದು. ಹಿಮ ಬೀಳುವ ಊರಿನ ಮಕ್ಕಳು ಹಿಮದಲ್ಲಿ ಮಾಡುವ ಬೊಂಬೆ ಅದು ಎಂದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ನಂಜನಿಗೆ ಅನುಮಾನವೇ ಬರಲಿಲ್ಲ. ಅಪ್ಪನ ತಟ್ಟೆಯಲ್ಲಿ ದಿನಾ ನೋಡುವುದೇ ತಾನೆ. ಕಾಫಿ ಗಸಿಗೆ ಒಲೆಯ ಮಸಿ ಬೆರೆಸಿ ಎರಡೂ ಉಂಡೆಗೆ ದಟ್ಟವಾಗಿ ಬಳಿದ.

ಆ ಹೊತ್ತಿಗೆ ಬಂಗಲೆ ಅಮ್ಮ ಬಂದು ಬಗ್ಗಿ ನೋಡಿದರು. "ಇದೇನು ಕುಂಞಿ, ಕಡಂಬುಟ್ಟನ್ನ ಯಾರಾದ್ರೂ ಕಪ್ಪು ಮಾಡ್ತಾರಾ? ಬಿಳೀ ಇರ್ಬೇಕು" ಎಂದರು. ಅವರ ಮನೆಯಲ್ಲಿ ಅಕ್ಕಿತರಿಯನ್ನು ಉಂಡೆ ಕಟ್ಟಿ ಹಬೆಯಲ್ಲಿ ಬೇಯಿಸುತ್ತಾರಲ್ಲ, ಅದು ಕಡಂಬುಟ್ಟು. ಕುಂಞಿ ಎಂದರೆ ಮಗು.

ನಂಜ ಬಣ್ಣ ತಿಕ್ಕುವುದನ್ನು ನಿಲ್ಲಿಸಿದ. ತಲೆ ಎತ್ತಿದ.

"ಮುದ್ದೆ" ಎಂದ.

ನನ್ನ ಕೈಯಲ್ಲಿದ್ದ ಕಡ್ಡಿ ಮುರಿಯಿತು. ಬಂಗಲೆ ಅಮ್ಮ ಮಾತ್ರ ಏನೂ ಆಗದವರ ಹಾಗೆ, "ಕಡಂಬುಟ್ಟು" ಎಂದರು.

"ಮುದ್ದೆ!"

"ಮುದ್ದೆಗೆ ಮೂಗು ಇರ್ತದಾ?"

"ಅದು ಮೂಗಲ್ಲ, ಮೆಣಸಿನಕಾಯಿ! ಮುದ್ದೆ ಜೊತೆ ಕಚ್ಕೊಳಕ್ಕೆ!"

ಬಾಗಿಲಲ್ಲಿ ನಿಂತಿದ್ದ ಅವ್ವ ಹೊಸ್ತಿಲ ಮೇಲೆ ಕುಸಿದು ಕೂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಬಂಗಲೆ ಅಮ್ಮ ಸೋತವರ ಹಾಗೆ ಮುಖ ಮಾಡಿ ಮೆಟ್ಟಿಲಿಳಿದು ಹೋದರು. ಮೊಮ್ಮಕ್ಕಳನ್ನು ಕೂರಿಸಿಕೊಂಡು ಆ ಪುಸ್ತಕ ತೋರಿಸಿದ್ದವರಿಗೆ ಅದು ಕಡಂಬುಟ್ಟಲ್ಲ ಎಂದು ಗೊತ್ತಿರಲಿಲ್ಲವೇ? ಬೇಕೆಂದೇ ಕೆಣಕಿದರೇ? ಅವರನ್ನು ಕೇಳುವಷ್ಟು ದೊಡ್ಡವಳು ನಾನಾಗುವ ಹೊತ್ತಿಗೆ ಅವರಿರಲಿಲ್ಲ. ಆ ದಿನ ನಮ್ಮ ಮನೆಯಲ್ಲಿ ಎಲ್ಲರಿಗೂ ಒಂದೊಂದು ಮುದ್ದೆ ಹೆಚ್ಚು. ಅಪ್ಪ ಉಣ್ಣುತ್ತಾ ಮೂರು ಸಲ ಎದ್ದು ಹೋಗಿ ಮೂಗು ಸೀನಿ ಬಂದ, ಸಾರು ಖಾರವಾಗಿದೆ ಎಂದ.

ನಾನು ಮಾತ್ರ ನನ್ನ ಹೆಚ್ಚಿನ ಮುದ್ದೆಯನ್ನು ನಂಜನ ತಟ್ಟೆಗೆ ದಾಟಿಸಿದೆ. ದೇವರು ಬೇಡಿಕೆಯ ಮೊದಲರ್ಧ ನಡೆಸಿಕೊಟ್ಟು ಎರಡನೆಯದನ್ನು ಕೇಳಿಸಿಕೊಂಡಿರಲಿಲ್ಲ. ಈಗ ನಂಜನಿಗೆ ಬಾಯಿ ಬಂದಿದೆ. ಇವತ್ತು ಹೇಳುತ್ತಾನೋ, ನಾಳೆಯೋ? ತಮ್ಮನ ಕೈಬಿಟ್ಟು ಓಡಿದ್ದಕ್ಕೆ ಒಂದು ಏಟು, ಸುಳ್ಳು ಹೇಳಿ ಅವನ ಮೇಲೆ ಹಾಕಿದ್ದಕ್ಕೆ ಹತ್ತು. ಏಟಾದರೂ ತಿನ್ನಬಹುದಿತ್ತು, ಅವ್ವ ಮುಖ ತಿರುಗಿಸಿದರೆ ಏನು ಮಾಡುವುದು?

ಅವನು ಹೇಳಲಿಲ್ಲ. ಮಾರನೆಯ ದಿನ ಅವನೊಬ್ಬನೇ ಜಗುಲಿಯಲ್ಲಿ ಕೂತು ಆನೆಯ ಪುಟ ತೆಗೆದಿದ್ದ. ನಾನು ನೀರು ತಂದು ಕೊಡ ಇಳಿಸಿ ನೋಡಿದೆ. ಆನೆಗೆ ಕೆಂಪು ಮಣ್ಣನ್ನೇ ಕಲಸಿ ಬಳಿದಿದ್ದ. ಅದರ ಕಾಲಿನ ಹತ್ತಿರ ಒಂದು ಸಣ್ಣ ಕೆಂಪು ಉಂಡೆ, ಅದು ಅವನು. ಪುಟದ ಅಂಚಿನಲ್ಲಿ, ಅಚ್ಚಿನ ಗೆರೆಯೇ ಇಲ್ಲದ ಖಾಲಿ ಜಾಗದಲ್ಲಿ, ಅವನೇ ಒಂದು ಹುಡುಗಿಯನ್ನು ಬರೆದಿದ್ದ. ಕಡ್ಡಿಕಾಲು ಅಗಲಿಸಿ ಓಡುತ್ತಿರುವ ಹುಡುಗಿ. ಅವಳ ಮೈ ಉದ್ದಕ್ಕೂ ದಪ್ಪನೆಯ ಕರೀ ಜಡೆ.

ಜಡೆ ಕಾಣುತ್ತದೆ ಎಂದರೆ ಬೆನ್ನು ಕಾಣುತ್ತದೆ. ಬೆನ್ನು ಕಾಣುತ್ತದೆ ಎಂದರೆ ಓಡಿ ಹೋಗುತ್ತಿದ್ದಾಳೆ. ಎಂಟು ವರ್ಷದ ತಲೆಗೆ ಇಷ್ಟು ಲೆಕ್ಕ ಸಾಕಾಗಿತ್ತು. ಅವನು ಕೈ ತೊಳೆಯಲು ಹಿತ್ತಲಿಗೆ ಹೋದಾಗ ಆ ಹಾಳೆಯನ್ನು ಹರಿದು, ಮಡಚಿ, ಬಚ್ಚಲ ಒಲೆಗೆ ಹಾಕಿದೆ. ಮೇಣ ಚುರುಚುರು ಎಂದು ಉರಿದು, ವಾಸನೆ ಜಗುಲಿಯವರೆಗೂ ಬಂತು. ನಂಜ ಬಂದು ಪುಸ್ತಕ ತೆಗೆದ. ಹರಿದ ಹಾಳೆಯ ಬುಡದ ಮೇಲೆ ಒಂದು ಸಲ ಬೆರಳಾಡಿಸಿದ. ನನ್ನನ್ನು ನೋಡಿದ. ಮುಂದಿನ ಪುಟ ತಿರುಗಿಸಿ, "ಅಕ್ಕ, ಹಸಿರು ಕೊಡು" ಎಂದ.

ಮಾವ ರಾಗಿ ಮೂಟೆ ಇಳಿಸಿ ಒಬ್ಬನೇ ಹಿಂದಿರುಗಿದ. ನಂಜ ನಮ್ಮಲ್ಲೇ ಬೆಳೆದ. ನಿಂತಿದ್ದ ದಿನಗಳ ಮಾತನ್ನೆಲ್ಲ ಬಡ್ಡಿಸಹಿತ ಆಡುತ್ತಾ ಬೆಳೆದು, ಗೋಣಿಕೊಪ್ಪಲಿನಲ್ಲಿ ಕರಿಮೆಣಸಿನ ವ್ಯಾಪಾರಿಯಾದ. ಅವನ ಅಂಗಡಿಗೆ ಹೋದವರು ಮೆಣಸು ಮಾರಲು ಹೋಗಿ ಮಾತು ಕೊಂಡು ಬರುತ್ತಾರೆ ಎಂದು ಅಲ್ಲಿ ತಮಾಷೆ ಮಾಡುತ್ತಾರೆ. ಈಗ ಮಗ ಅಂಗಡಿ ನೋಡಿಕೊಳ್ಳುತ್ತಾನೆ, ಇವನು ಮುಂದೆ ಕುರ್ಚಿ ಹಾಕಿಕೊಂಡು ಬಸ್ಸು ಜೀಪು ನೋಡುತ್ತಾ ದಾರಿಹೋಕರನ್ನು ಮಾತಾಡಿಸುತ್ತಾನೆ. ಇಷ್ಟು ಮಾತಿನಲ್ಲಿ ಆ ಒಂದು ಮಾತನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅವ್ವ ಹೋಗುವವರೆಗೂ ನನ್ನ ಸುಳ್ಳನ್ನೇ ನಂಬಿದ್ದಳು. "ಕೈ ಕಿತ್ಕೊಂಡು ಆನೆ ನೋಡಕ್ಕೆ ಓಡಿದ ಧೈರ್ಯಗಾರ" ಎಂದು ಮೊಮ್ಮಕ್ಕಳಿಗೆಲ್ಲ ಹೇಳುತ್ತಿದ್ದಳು. ಆಗೆಲ್ಲ ನಂಜ ನಗುತ್ತಿದ್ದ, ನಾನು ಎದ್ದು ಒಳಗೆ ಹೋಗುತ್ತಿದ್ದೆ.

ಮೊನ್ನೆ ಇಟ್ಟಿಗೆ ಬಣ್ಣದ ಪೆನ್ಸಿಲು ಕೆಳಗಿಟ್ಟವಳು ಸುಮಳನ್ನು ಕರೆದು ಗೋಣಿಕೊಪ್ಪಲಿಗೆ ಫೋನು ಹಚ್ಚಿಸಿದೆ. ನಂಜ ಎಂದಿನಂತೆ ಮೆಣಸಿನ ಬಳ್ಳಿಯ ರೋಗದಿಂದ ಶುರುಮಾಡಿದ. ತಡೆದು ಹೇಳಿದೆ: "ನಂಜ, ಆವತ್ತು ನೀನು ಕೈ ಕಿತ್ಕೊಂಡು ಓಡ್ಲಿಲ್ಲ. ನಾನೇ ನಿನ್ನ ಕೈ ಬುಟ್ಟೆ."

ಆ ಕಡೆ ಮಾತು ನಿಂತಿತು. ಎಪ್ಪತ್ತು ವರ್ಷ ಹಿಂದಿನ ಅದೇ ಮೌನ. ಮತ್ತೆ ಇವನ ಬಾಯಿ ಕಟ್ಟಿಹಾಕಿದೆನೇ ಎಂದುಕೊಂಡೆ.

"ಗೊತ್ತು ಕಣಕ್ಕ" ಎಂದ ಕೊನೆಗೆ. "ನನ್ ಕೈ ಅಲ್ವ ಅದು?"

"ಅವ್ವಂಗೆ ಯಾಕೆ ಹೇಳ್ಲಿಲ್ಲ?"

"ಏನಂತ ಹೇಳದು? ನೀನು ವಾಪಸ್ ಬಂದ್ಯಲ್ಲ. ಅದನ್ನೇ ಬರ್ದು ತೋರ್ಸಣ ಅಂತಿದ್ದೆ, ನೀನು ಹರಿದು ಒಲೆಗಾಕ್ದೆ."

"ವಾಪಸ್ ಬಂದಿದ್ದೆಲ್ಲೋ ಬರ್ದಿದ್ದೆ? ಓಡಿ ಹೋಗೋಳನ್ನ ಬರ್ದಿದ್ದೆ. ಜಡೆ ಕಾಣ್ತಿತ್ತು ನಂಗೆ."

"ಅಯ್ಯೋ ನಿನ್ನ! ಐದು ವರ್ಷದ ಹುಡುಗ ಕಣೆ ನಾನು. ಜಡೆ ಬರೀದಿದ್ರೆ ಅದು ನೀನೇ ಅಂತ ಹೆಂಗೆ ಗೊತ್ತಾಗ್ಬೇಕು? ಕಣ್ಣು, ಮೂಗು, ಬಾಯಿ ಎಲ್ಲಾ ಬರ್ದಿದ್ದೆ. ನೋಡ್ಲಿಲ್ವ ನೀನು?"

ನೋಡಿರಲಿಲ್ಲ. ಜಡೆ ಕಂಡ ಕೂಡಲೇ ನನಗೆ ಬೇರೇನೂ ಕಂಡಿರಲಿಲ್ಲ. ಅವನು ನಿಜ ಹೇಳುತ್ತಿದ್ದಾನೋ, ಮುದುಕಿ ಅಕ್ಕನಿಗೆ ಬೇಜಾರಾಗದಿರಲಿ ಎಂದು ವ್ಯಾಪಾರಿಯ ಬುದ್ಧಿ ಓಡಿಸುತ್ತಿದ್ದಾನೋ, ಪರೀಕ್ಷಿಸೋಣವೆಂದರೆ ಹಾಳೆ ಎಂದೋ ಬೂದಿಯಾಗಿದೆ. ಸುಟ್ಟವಳು ನಾನೇ.

"ನಾನು ಎಲ್ಲಾರ ಹಿಂದೆ ಬಂದಿದ್ದು ಕಣೋ. ಮುಂದೆ ನಾಲ್ಕು ಜನ ಗಂಡಸರಿದ್ರು" ಎಂದೆ. ಅಷ್ಟಾದರೂ ನಿಜ ಹೇಳದಿದ್ದರೆ ಆಗುತ್ತಿರಲಿಲ್ಲ.

"ಇದ್ರೇನೋ. ನಂಗೆ ನೀನೊಬ್ಳೇ ಕಂಡಿದ್ದು" ಎಂದ ನಂಜ. ಆಮೇಲೆ ಮತ್ತೆ ಮೆಣಸಿನ ಬಳ್ಳಿಯ ರೋಗಕ್ಕೆ ಹೋದ. ನಾನು ಕಣ್ಣು ಒರೆಸಿಕೊಳ್ಳುತ್ತಾ ಆ ರೋಗದ ವಿಷಯವನ್ನು ಪೂರ್ತಿ ಕೇಳಿಸಿಕೊಂಡೆ.

ಫೋನು ಇಟ್ಟ ಮೇಲೆ ಆನೆಯ ಪುಟವನ್ನು ಮುಗಿಸಿದೆ. ಬಳ್ಳಿ, ಹೂವು, ಚುಕ್ಕಿ ಎಲ್ಲದರ ಮೇಲೂ ಇಟ್ಟಿಗೆ ಬಣ್ಣ ತಿಕ್ಕಿದೆ. ಗೆರೆಯ ಗೊಡವೆಗೆ ಹೋಗಲಿಲ್ಲ. ಕಾಲಿನ ಹತ್ತಿರ ಒಂದು ಕೆಂಪು ಉಂಡೆ ಬರೆದೆ. ಅಂಚಿನ ಖಾಲಿ ಜಾಗದಲ್ಲಿ ಕಡ್ಡಿಕಾಲಿನ ಒಬ್ಬ ಹುಡುಗಿ, ಅವಳಿಗೆ ಮೊದಲು ಜಡೆ, ಆಮೇಲೆ ಕಣ್ಣು, ಮೂಗು, ಬಾಯಿ.

ಮೊಮ್ಮಗಳು ತನ್ನ ಪುಸ್ತಕ ಬಿಟ್ಟು ಎದ್ದು ಬಂದು ಬಗ್ಗಿ ನೋಡಿದಳು. ಕೆಂಪು ಆನೆಯ ಬಗ್ಗೆ ಈ ಸಲ ತಕರಾರು ಮಾಡಲಿಲ್ಲ. "ಅಜ್ಜಿ, ಈ ಹುಡುಗಿ ಹೋಗ್ತಾ ಇದ್ದಾಳಾ, ಬರ್ತಾ ಇದ್ದಾಳಾ?" ಎಂದು ಕೇಳಿದಳು.

"ಮೊದ್ಲು ಹೋದ್ಲು" ಎಂದೆ. "ಆಮೇಲೆ ಬಂದ್ಲು."